ನಾಲ್ಕನೆಯ ಕೊಳವೆಯ ಬಾಯಿ

ಜಾರಿಕೊಂಡು ಬರುತ್ತಿದೆ, ಮೀಟಿಂಗ್ ರೂಮಿನ ಗಾಜಿನ ಮೇಜಿನ ಮೇಲೆ, ಇಸ್ತ್ರಿ ಸಾರ್ ತೋರುಬೆರಳಿನಿಂದ ತಳ್ಳಿದ ಬಿಳಿ ಪೆಪ್ಪರ್‌ಮೆಂಟು, ಲೋಟದ ತಳ ಬಿಟ್ಟ ನೀರಿನ ಬಳೆಯನ್ನು ದಾಟಿ, ಯಾರದೋ ಅಂಗೈ ಒತ್ತಿದ ಜಿಡ್ಡಿನ ಮೇಲೆ ಹಾದು, ನನ್ನ ಪೆನ್ನಿಗೆ ತಾಗಿ ನಿಂತಿತು — ನನ್ನ ಬಾಯಿ ನಾರುತ್ತದೆ, ಅಷ್ಟೇ, ಬೇರೆ ಕಾರಣ ಇರಲಾರದು, ಇಲ್ಲದಿದ್ದರೆ ಇಷ್ಟು ಜನರಲ್ಲಿ ನನಗೊಬ್ಬಳಿಗೇ ಯಾಕೆ, ಪದೇ ಪದೇ ಯಾಕೆ, ತಗೊಳ್ಳಿ ಮೇಡಂ ಗಂಟಲಿಗೆ ಒಳ್ಳೇದು ಎಂದು ಅಷ್ಟು ಮೆತ್ತಗೆ ಯಾಕೆ. ಬೆಳಿಗ್ಗೆ ಆಫೀಸಿನ ಬಾತ್‌ರೂಮಿನಲ್ಲಿ ಅಂಗೈಗೆ ಉಸಿರು ಬಿಟ್ಟು ಮೂಸಿ ನೋಡಿದೆ, ಸೋಪಿನ ವಾಸನೆ ಬಂತು, ಅದು ಅಂಗೈಯದು, ತನ್ನ ಬಾಯಿಯ ವಾಸನೆ ತನಗೆ ತಿಳಿಯುವುದಿಲ್ಲವಂತೆ, ಇದಕ್ಕಿಂತ ಹೇಸಿಗೆಯ ಏರ್ಪಾಟು ಇನ್ನೊಂದಿದೆಯೇ, ಎದುರಿಗೆ ಕೂತವರಿಗೆಲ್ಲ ಗೊತ್ತಾಗುವುದು, ಹೊತ್ತು ತಿರುಗುವವಳಿಗೆ ಗೊತ್ತಾಗದೆ ಇರುವುದು. ಹಿಂದಿನ ದವಡೆಯಲ್ಲಿ ಒಂದು ಹಲ್ಲು ಹುಳುಕಾಗಿದೆ, ಅಮ್ಮನಿಗೆ ಹೇಳಿಲ್ಲ, ಅಕ್ಕನಿಗೆ ಹೇಳಿಲ್ಲ, ನಾಲಿಗೆ ಮಾತ್ರ ಕದ್ದು ಹೋಗಿ ತೂತಿನ ಅಂಚನ್ನು ಮುಟ್ಟಿ ಬರುತ್ತದೆ, ಮುಟ್ಟಿದಾಗಲೆಲ್ಲ ತೂತು ನಿನ್ನೆಗಿಂತ ದೊಡ್ಡದು ಅನಿಸುತ್ತದೆ, ನಾಲಿಗೆಗೆ ಎಲ್ಲವೂ ದೊಡ್ಡದೇ. ಹಲ್ಲು ತೋರಿಸಬೇಕು ಎಂದು ಡೈರಿಯಲ್ಲಿ ಬರೆದೆ, ಬರೆದ ಮೇಲೆ ಡಾಕ್ಟರ ಕುರ್ಚಿಯಿಂದ ಎದ್ದು ಬಂದಷ್ಟೇ ಹಗುರವಾಯಿತು, ಅದೇ ನನ್ನ ರೋಗ, ಬರೆದರೆ ಸಾಕು ಹೇಳಿದ ಹಾಗೆ, ಹೇಳಿದ ಹಾಗಾದರೆ ಸಾಕು ಮಾಡಿದ ಹಾಗೆ. ಪೆಪ್ಪರ್‌ಮೆಂಟನ್ನು ಎತ್ತಿ ಬಾಯಿಗೆ ಹಾಕಿಕೊಂಡೆ, ಆ ಜಿಡ್ಡಿನ ಸಮೇತ, ಹಾಕಿಕೊಳ್ಳದಿದ್ದರೆ ಅವರಿಗೆ ಬೇಜಾರಾಗುತ್ತದೆ.

ಪರದೆಯ ಮೇಲೆ ನನ್ನ ಪೈಪುಗಳು ಹಸಿರಾಗಿ ಹೊಳೆಯುತ್ತಿವೆ, ಒಂದು ಉದ್ದನೆಯ ಹೊಟ್ಟೆ, ಹೊಟ್ಟೆಯಿಂದ ಹೊರಟ ನಾಲ್ಕು ಬಾಗಿದ ಕೊಳವೆ, ಎಂಜಿನ್ನಿನ ನಾಲ್ಕು ಸಿಲಿಂಡರಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ — ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಮ್ಮನಿಗೆ ಇದನ್ನೇ ವಿವರಿಸಿದ್ದೆ, ಗಾಳಿ ಹಂಚೋ ಪೈಪಮ್ಮಾ, ಪೈಪು ಮಾಡೋಕೆ ಮುಂಚೆ ಕಂಪ್ಯೂಟರಲ್ಲೇ ಗಾಳಿ ಬಿಟ್ಟು ನೋಡ್ತೀವಿ, ಎಲ್ಲಾ ಕಡೆ ಸಮ ಹೋಗುತ್ತಾ ಅಂತ, ಅಮ್ಮ ಬಟ್ಟೆ ಮಡಚುತ್ತಾ, ಗಾಳಿ ಹಂಚೋದಕ್ಕೂ ಇಷ್ಟು ಓದ್ಬೇಕಿತ್ತಾ, ಫ್ಯಾನ್ ಹಾಕಿದ್ರೆ ಅದೇ ಹಂಚಲ್ವಾ, ಅಂದಿದ್ದಳು, ಭಾವ ನಕ್ಕು ನಕ್ಕು ಕೆಮ್ಮಿದ್ದರು. ಆಗ ನನಗೂ ನಗು ಬಂದಿತ್ತು. ಕಾಣದ ಗಾಳಿಯನ್ನು ಲಕ್ಷಾಂತರ ಪುಟ್ಟ ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡಿನಲ್ಲೂ ಎಷ್ಟು ವೇಗ ಎಷ್ಟು ಒತ್ತಡ ಎಂದು ಯಂತ್ರದ ಕೈಲಿ ಲೆಕ್ಕ ಹಾಕಿಸಿ, ಕಡಿಮೆ ಇದ್ದಲ್ಲಿ ನೀಲಿ, ಹದವಾಗಿದ್ದಲ್ಲಿ ಹಸಿರು, ಜಾಸ್ತಿ ಇದ್ದಲ್ಲಿ ಕೆಂಪು ಬಳಿದು ಕಣ್ಣಿಗೆ ಕಾಣಿಸುವಂತೆ ಮಾಡುವುದು, ಮೊದಲ ಸಲ ಬಣ್ಣ ಮೂಡಿದಾಗ ಎಷ್ಟು ಖುಷಿಯಾಗಿತ್ತು, ಮಾತಾಡದೆ ತೋರಿಸಬಹುದಾದ ಕೆಲಸ, ನನಗೆಂದೇ ಹುಟ್ಟಿದ ಕೆಲಸ ಎಂದು. ಈಗ ಈ ಹಸಿರು ಪಾಚಿಯ ಹಸಿರು, ನಿಂತ ನೀರಿನ ಮೇಲಿನ ಹಸಿರು.

ನೋಡಿ ಸಾರ್, ನಾಲ್ಕೂ ಅಣ್ಣತಮ್ಮಂದಿರ ಹಾಗಿವೆ, ಎನ್ನುತ್ತಿದ್ದಾರೆ ಇಸ್ತ್ರಿ ಸಾರ್, ಇಸ್ತ್ರಿ ಎಂಬುದು ನಮ್ಮ ವಿಭಾಗದವರು ಬೆನ್ನ ಹಿಂದೆ ಇಟ್ಟ ಹೆಸರು, ಅವರ ತೋಳಿನ ಗೆರೆ ಸಂಜೆಯವರೆಗೂ ಮುರಿಯುವುದಿಲ್ಲ, ಅವರ ಕೈಗೆ ಸಿಕ್ಕ ಯಾವ ಗ್ರಾಫಿನಲ್ಲೂ ಸುಕ್ಕು ಉಳಿಯುವುದಿಲ್ಲ, ಏರಿದ್ದು ಇಳಿಯುತ್ತದೆ, ಇಳಿದದ್ದು ಏರುತ್ತದೆ, ಕೊನೆಗೆ ಎಲ್ಲ ಮಡಚಿಟ್ಟ ಹಾಳೆ. ಒಳ್ಳೆಯವರು. ಒಂದು ದಿನ ಗದರಿದವರಲ್ಲ, ನನ್ನ ಕುರ್ಚಿ ಕಿರುಗುಟ್ಟುತ್ತದೆಂದು ತಮ್ಮ ಕುರ್ಚಿಯನ್ನೇ ಕೊಟ್ಟವರು, ಅದೇ ತಡೆಯಲಾಗುವುದಿಲ್ಲ, ಕೆಟ್ಟವರಾಗಿದ್ದರೆ ಹೇಸುವುದು ಎಷ್ಟು ಸಲೀಸಾಗಿರುತ್ತಿತ್ತು. ಅವರೆದುರು ಕೂತಿರುವವರು ಗಾಡಿ ಕಂಪೆನಿಯಿಂದ ಬಂದ ಹಿರಿಯರು, ನಮ್ಮ ಪೈಪನ್ನು ಒಪ್ಪಬೇಕಾದವರು, ಪಾಪ ಭಾರಿ ನೆಗಡಿ, ಕರವಸ್ತ್ರಕ್ಕೆ ಸೀನುತ್ತಾರೆ, ಬಿಡಿಸಿ ನೋಡುತ್ತಾರೆ, ಯಾಕೆ ನೋಡುತ್ತಾರೆ, ಏನು ಸಿಗುತ್ತದೆಂದು ನೋಡುತ್ತಾರೆ, ಮತ್ತೆ ನಾಲ್ಕು ಮಡಿಕೆ ಮಾಡಿ ಸಹಿ ಹಾಕಬೇಕಾದ ಕಾಗದದ ಪಕ್ಕದಲ್ಲೇ ಇಡುತ್ತಾರೆ. ಅವರ ಪಕ್ಕ ಅಚ್ಚಿನವನು, ಪ್ಲಾಸ್ಟಿಕ್ ಎರಕದ ಅಚ್ಚು ಮಾಡುವವನು, ಆಗಿನಿಂದ ಕಾಲು ಕುಣಿಸುತ್ತಲೇ ಇದ್ದಾನೆ, ಸಹಿ ಬಿದ್ದರೆ ಇವತ್ತೇ ಉಕ್ಕು ಕೊರೆಯಲು ಶುರು ಮಾಡ್ತೀನಿ ಸಾರ್, ಮೆಶಿನ್ ಖಾಲಿ ಇಟ್ಕೊಂಡು ಕೂತಿದ್ದೀನಿ, ಎಂದು ಆಗಲೇ ಹೇಳಿದ. ಉಕ್ಕು ಕೊರೆದ ಮೇಲೆ ಯಾರೂ ಹಿಂದಕ್ಕೆ ಬರುವುದಿಲ್ಲ, ಆ ಅಚ್ಚಿನಿಂದ ಒಂದೇ ಮೂಗಿನ ಸಾವಿರಾರು ಪೈಪುಗಳು ಉದುರುತ್ತವೆ, ಒಂದೊಂದು ಒಂದೊಂದು ಗಾಡಿಯ ಹೊಟ್ಟೆ ಸೇರುತ್ತದೆ, ಒಂದೊಂದರಲ್ಲೂ ನಾಲ್ಕನೆಯದು ಅದೇ ನಾಲ್ಕನೆಯದು — ಬೇಡ, ಪೆಪ್ಪರ್‌ಮೆಂಟು ಚೀಪು, ಎಡಗಡೆ ಚೀಪು, ಬಲಗಡೆ ಹೋದರೆ ಹಲ್ಲಿಗೆ ತಾಗುತ್ತದೆ.

ನಾಲ್ಕೂ ಅಣ್ಣತಮ್ಮಂದಿರಲ್ಲ. ಅಣ್ಣತಮ್ಮಂದಿರ ಹಾಗೆ ಕಾಣುವುದು ನಾಲ್ಕೂ ಬಾಗಿಲನ್ನು ಒಟ್ಟಿಗೆ ತೆರೆದಿಟ್ಟು ತಣ್ಣಗೆ ಗಾಳಿ ಬಿಟ್ಟಾಗ, ಈ ಪರದೆಯ ಮೇಲಿರುವುದು ಅದೇ, ಯಾವ ಎಂಜಿನ್ ಹಾಗೆ ಉಸಿರಾಡುತ್ತದೆ, ನಾಲ್ಕು ಬಾಯಿ ಒಟ್ಟಿಗೆ ತೆರೆದುಕೊಂಡು ಹೆಣದ ಹಾಗೆ. ನಿಜವಾದ ಎಂಜಿನ್ನಿನಲ್ಲಿ ಒಂದು ಬಾಗಿಲು, ಅಂದರೆ ವಾಲ್ವ್, ತೆರೆಯುತ್ತದೆ, ಗಾಳಿಯನ್ನು ಸೊರ್ರನೆ ಎಳೆಯುತ್ತದೆ, ಮುಚ್ಚುತ್ತದೆ, ಅಷ್ಟರಲ್ಲಿ ಇನ್ನೊಂದು, ಹೊಟ್ಟೆಯೊಳಗಿನ ಗಾಳಿ ಬಕೆಟ್ಟಿನ ನೀರಿನ ಹಾಗೆ ಅತ್ತಿತ್ತ ಹೊಯ್ದಾಡುತ್ತದೆ, ಹೊಯ್ದಾಡಿ ತುದಿಯ ಗೋಡೆಗೆ ಬಡಿದು ಅಲ್ಲಿರುವ ನಾಲ್ಕನೆಯ ಕೊಳವೆಗೆ ನುಗ್ಗುತ್ತದೆ. ಹಾಗೆ ಒಂದೊಂದೇ ಬಾಗಿಲು ತೆರೆದು ನಾನೇ ಮಾಡಿ ನೋಡಿದೆ, ಯಾರೂ ಹೇಳಿರಲಿಲ್ಲ, ಯಂತ್ರ ದಿನಗಟ್ಟಲೆ ಓಡಿತು, ಬಣ್ಣ ಮೂಡಿದಾಗ ನಾಲ್ಕನೆಯ ಕೊಳವೆ ಹಸಿ ಗಾಯದ ಹಾಗೆ ಕೆಂಪಗಿತ್ತು. ಗಾಳಿ ಜಾಸ್ತಿ ಹೋದ್ರೆ ಒಳ್ಳೇದೇ ಅಲ್ವೇನೇ ಎಂದು ಅಕ್ಕ ಕೇಳಿದ್ದಳು, ಪೆಟ್ರೋಲು ಎಲ್ಲದಕ್ಕೂ ಅಳತೆ ಮಾಡಿ ಒಂದೇ ಸಮ ಬೀಳುತ್ತಕ್ಕಾ, ಗಾಳಿ ಮಾತ್ರ ಜಾಸ್ತಿ ಆದ್ರೆ ಕೆಂಡ ಊದಿದ ಹಾಗೆ, ಉರಿ ಬೆಳ್ಳಗಾಗುತ್ತೆ, ಒಳಗೆ ಪಿಸ್ಟನ್ನಿನ ತಲೆ ಸುಡುತ್ತೆ — ಅಷ್ಟು ಉದ್ದ ನಾನು ಮಾತಾಡಿದ್ದೇ ಹೆಚ್ಚು ಎಂಬಂತೆ ಅಕ್ಕ ನನ್ನ ಮುಖವನ್ನೇ ನೋಡುತ್ತಾ ಕೂತಳು, ಮಾತು ಕೇಳಿಸಿಕೊಂಡಳೋ ಇಲ್ಲವೋ. ಅದೂ ಸಾಲದೆಂದು ತೇಗು. ಎಂಜಿನ್ನಿನ ಹೊಟ್ಟೆಯಲ್ಲಿ ಕುದಿಯುವ ಎಣ್ಣೆಯ ಆವಿ, ಅದನ್ನು ಹೊರಗೆ ಬಿಡುವಂತಿಲ್ಲ, ಸಣ್ಣ ಪೈಪಿನಲ್ಲಿ ತಂದು ಇದೇ ಮ್ಯಾನಿಫೋಲ್ಡಿಗೆ ಸೇರಿಸುತ್ತೇವೆ, ಅದರ ತೇಗನ್ನು ಅದಕ್ಕೇ ಕುಡಿಸುತ್ತೇವೆ, ಎಲ್ಲರೂ ಹಾಗೇ ಮಾಡುತ್ತಾರೆ, ತಪ್ಪಲ್ಲ, ಆದರೆ ಆ ತೇಗು ನಾಲ್ವರಿಗೂ ಹಂಚಿಹೋಗಬೇಕು, ನಮ್ಮ ಪೈಪಿನಲ್ಲಿ ಅದೂ ನುಗ್ಗುವುದು ನಾಲ್ಕನೆಯದಕ್ಕೇ, ಎಣ್ಣೆ ಬೆರೆತ ಪೆಟ್ರೋಲು ಹೊತ್ತಿಕೊಳ್ಳಬೇಕಾದ ಕ್ಷಣಕ್ಕೆ ಮುಂಚೆಯೇ ಸಿಡಿಯುತ್ತದೆ, ಟಿಣ್ ಟಿಣ್ ಎಂದು ಒಳಗೇ ಕುಟ್ಟುತ್ತದೆ, ಭಾರ ಹೊತ್ತು ಏರು ಹತ್ತುವಾಗ.

ನಿನ್ನೆ ಆ ಕೆಂಪನ್ನು ತೋರಿಸಿದೆ. ಇಸ್ತ್ರಿ ಸಾರ್ ನನ್ನ ಹೆಗಲ ಹಿಂದೆ ಬಂದು ಬಗ್ಗಿದರು, ಕಿವಿಯ ಪಕ್ಕ ಪೆಪ್ಪರ್‌ಮೆಂಟಿನ ತಣ್ಣನೆ ಉಸಿರು, ಆ ತಣ್ಣನೆಯ ಒಳಗೆ ಇನ್ನೇನೋ ಬೆಚ್ಚಗಿನದು, ನಾನು ಉಸಿರು ಕಟ್ಟಿ ಕೂತೆ, ನನ್ನದು ಅವರಿಗೆ ತಾಗಬಾರದು ಅವರದು ನನಗೆ ತಾಗಬಾರದು, ಅವರ ಕಿರುಬೆರಳಿನ ಉಗುರು ಮಾತ್ರ ಉದ್ದ, ಅದರಿಂದ ಪರದೆಯ ಮೇಲೆ ಟಕ್ ಟಕ್ ಎಂದು ನಾಲ್ಕನೆಯ ಕೊಳವೆಯನ್ನು ಮುಟ್ಟಿ, ಅಬ್ಬಬ್ಬ ಒಳ್ಳೆ ಕೆಲಸ ಮೇಡಂ, ಬಹಳ ಒಳ್ಳೆ ಕೆಲಸ, ಆದ್ರೆ ಈ ಬಣ್ಣ ಸ್ವಲ್ಪ ಕೂಗ್ತಾ ಇದೆ ಅನ್ಸಲ್ವಾ. ಒಂದೊಂದೇ ಬಾಗಿಲು ತೆಗೆದು ನೋಡಿ ಅಂತ ಅವರು ಕೇಳಿದ್ರಾ. ಇಲ್ಲ ಸಾರ್. ಕೇಳದೇ ಇದ್ದಿದ್ದನ್ನ ಬಡಿಸಬಾರದು ಮೇಡಂ, ಅಜೀರ್ಣ ಆಗುತ್ತೆ. ನಾಲ್ಕೂ ತೆರೆದಿರೋದನ್ನೇ ಹಾಕೋಣ. ಅದರಲ್ಲೂ ನಾಲ್ಕನೆಯದು ಸ್ವಲ್ಪ ಹಳದಿಗೆ ತಿರುಗಿತ್ತು, ಅದನ್ನೂ ಅವರು ಸಹಿಸಲಿಲ್ಲ, ನನ್ನ ಕೈ ಮೇಲಿಂದ ಕೈ ಚಾಚಿದರು, ನಾನು ಬಿಸಿ ಪಾತ್ರೆ ಮುಟ್ಟಿದವಳ ಹಾಗೆ ಮೌಸ್ ಬಿಟ್ಟುಬಿಟ್ಟೆ, ಬಣ್ಣದ ಪಟ್ಟಿಯ ಕೆಳಗಿನ ಅಂಕಿಯನ್ನು ಇನ್ನಷ್ಟು ಕೆಳಕ್ಕೆ, ಮೇಲಿನದನ್ನು ಇನ್ನಷ್ಟು ಮೇಲಕ್ಕೆ ಎಳೆದರು, ಅಷ್ಟೇ, ಕೊಳವೆಯನ್ನು ಮುಟ್ಟಲಿಲ್ಲ, ಗಾಳಿಯನ್ನು ಮುಟ್ಟಲಿಲ್ಲ, ಬೆಟ್ಟದ ಪಕ್ಕ ನಿಲ್ಲಿಸಿದರೆ ಕುಳ್ಳನೂ ಒಂದೇ ಲಂಬೂನೂ ಒಂದೇ, ಹಾಗೆ ಹಳದಿ ಕರಗಿ ಹಸಿರಾಯಿತು, ನಾಲ್ಕೂ ಹಸಿರಾಯಿತು. ನೋಡಿ, ಒಂದು ಅಂಕಿನೂ ಸುಳ್ಳಲ್ಲ, ನೋಡೋರ ಕಣ್ಣಿಗೆ ಸ್ವಲ್ಪ ಸಮಾಧಾನ, ನಮ್ಮ ಮನೆ ಬಾಗಿಲಿಗೆ ಪರದೆ ಹಾಕಲ್ವಾ, ಹಾಗೆ. ಜೇಬಿನಿಂದ ಪೆಪ್ಪರ್‌ಮೆಂಟು ತೆಗೆದು ಕೀಬೋರ್ಡಿನ ಮೇಲಿಟ್ಟರು. ಸರಿ ಸಾರ್ ಅಂದೆ. ಎಷ್ಟು ಸಲೀಸಾಗಿ ಬರುತ್ತದೆ ಆ ಎರಡು ಮಾತು, ಬಾಯಿ ತೆರೆಯದೆ ಹಲ್ಲಿನ ಸಂದಿಯಿಂದಲೇ ಬಂದುಬಿಡುತ್ತದೆ. ಅವರು ಹೋದ ಮೇಲೆ ಪರದೆಯ ಮೇಲೆ ಉಗುರಿನ ಗುರುತು ಉಳಿದಿತ್ತು, ದುಪಟ್ಟಾದ ತುದಿಯಿಂದ ಒರೆಸಿದೆ, ಒರೆಸಿದಷ್ಟೂ ಹರಡಿತು.

ಅದಕ್ಕೂ ಮುಂಚೆಯೇ ಕಣ್ಣಾರೆ ನೋಡಿದ್ದೆ, ಕಂಪ್ಯೂಟರಿನ ಸಿಮ್ಯುಲೇಶನ್ ಅಲ್ಲ, ಬಣ್ಣ ಅಲ್ಲ, ಟೆಸ್ಟ್ ರೂಮಿನಲ್ಲಿ, ನಮ್ಮ ಮಾದರಿ ಪೈಪನ್ನು ಹಾಕಿ ಎಂಜಿನ್ ಓಡಿಸಿ ಬಿಚ್ಚಿದ ದಿನ, ಅಲ್ಲಿಯ ಇಂಜಿನಿಯರ್ ಕರೆದಳು, ಗರಗಸ ಎಂದು ಹೆಸರು ಅವಳಿಗೆ, ಬಿಚ್ಚಲಾಗದ್ದನ್ನು ಸೀಳಿ ನೋಡುವವಳು, ನಾಲಿಗೆಯೂ ಅಷ್ಟೇ — ಬಾರೇ, ನಿನ್ನ ಮಗೂಗೆ ನೆಗಡಿ ಆಗಿದೆ, ಮೂಗು ಒರೆಸು ಬಾ. ಉದ್ದಕ್ಕೆ ಸೀಳಿಟ್ಟ ಮ್ಯಾನಿಫೋಲ್ಡ್, ಮೀನಿನ ಹೊಟ್ಟೆ ಸೀಳಿದ ಹಾಗೆ, ಒಂದು ಎರಡು ಮೂರನೆಯ ಕೊಳವೆಗಳು ಒಣಗಿ ಮಸುಕಾಗಿದ್ದವು, ನಾಲ್ಕನೆಯದರ ಒಳಗೋಡೆಯ ಮೇಲೆ ಕಂದು ಲೋಳೆ, ಅದರ ಬಾಯಿಯ ಕೆಳತುಟಿಯಲ್ಲಿ ಒಂದು ಹನಿ, ದಪ್ಪನೆಯ ಕಂದು ಹನಿ, ತೂಗುತ್ತಿತ್ತು, ಬೀಳುತ್ತಿರಲಿಲ್ಲ. ಮುಟ್ಟು ಅಂದಳು. ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ. ಅವಳೇ ಬೆರಳಿಟ್ಟಳು, ಬೆರಳೆತ್ತಿದಾಗ ನೂಲು ಎಳೆದುಕೊಂಡು ಬಂತು, ಸುಟ್ಟ ಎಣ್ಣೆಯ ಹುಳಿ ವಾಸನೆ, ಹಳಸಿದ ಬಾಯಿಯ ವಾಸನೆ, ಒರೆಸಿ ಮುಗಿಸುವಷ್ಟರಲ್ಲಿ ಒಳಗಿನ ಲೋಳೆ ಜಾರಿ ಅದೇ ತುಟಿಯಲ್ಲಿ ಮತ್ತೊಂದು ಹನಿ ಕಟ್ಟಿತು. ಆಮೇಲೆ ನಾಲ್ಕನೆಯ ಪಿಸ್ಟನ್ ತೋರಿಸಿದಳು, ತಲೆಯ ಅಂಚಿನಲ್ಲಿ ಹುಳು ತಿಂದಂತೆ ಸಣ್ಣ ಸಣ್ಣ ಗುಳಿ, ಹುಳುಕು ಹಲ್ಲೇ, ಥೇಟು ನನ್ನ ಹಲ್ಲೇ, ಲೋಹಕ್ಕೂ ಹುಳುಕು ಹತ್ತುತ್ತದೆ ಎಂದು ನಾನು ಯಾವ ಪಾಠದಲ್ಲೂ ಓದಿರಲಿಲ್ಲ, ನಾಲಿಗೆ ತಾನಾಗಿ ಹಿಂದಕ್ಕೆ ಹೋಯಿತು. ನಮ್ಮ ಎಂಜಿನ್ ಬೇಗ ಬಿಚ್ಚಿದ್ವಿ ಅಂತ ಇಷ್ಟರಲ್ಲೇ ಇದೆ, ಇನ್ನೂ ಓಡಿಸಿದ್ರೆ ತೂತೇ, ಅಂದಳು ಗರಗಸ. ವರದಿ ಕಳಿಸಿದಳು. ಇಸ್ತ್ರಿ ಸಾರ್ ಅದನ್ನು ಓದಿ, ಪೆಟ್ರೋಲ್ ಕೆಟ್ಟಿತ್ತು, ಅಂದರು, ಪೆಟ್ರೋಲು ಕೆಟ್ಟಿದ್ದರೆ ನಾಲ್ಕೂ ಕೆಡಬೇಕಲ್ಲವೇ ಎಂದು ನಾನು ಕೇಳಲಿಲ್ಲ, ಡೈರಿಯಲ್ಲಿ ಕೇಳಿದೆ. ನೀನಾದ್ರೂ ಜಗಳ ಆಡಬಹುದಿತ್ತಲ್ಲೇ ಎಂದು ಅವಳಿಗೆ ಅಂದದ್ದಕ್ಕೆ, ಆಡಿದೆ ಕಣೇ, ಇನ್ನೊಂದು ಸಲ ಟೆಸ್ಟ್ ಮಾಡೋಣ ಅಂದೆ, ಟೈಮಿಲ್ಲ ಅಂದ್ರು, ಸಿಮ್ಯುಲೇಶನ್ ನೋಡಿ ತೀರ್ಮಾನ ಮಾಡ್ತೀವಿ ಅಂದ್ರು, ಅಲ್ಲಿಗೆ ನಿನ್ ತಲೆ ಮೇಲೆ ಬಂತು, ನಾನು ಬಿಚ್ಚೋಳು, ಮುಚ್ಚೋರು ನೀವು, ಎಂದು ಸೋಪು ಹಚ್ಚಿ ಬೆರಳು ಉಜ್ಜಿದಳು, ಉಜ್ಜುತ್ತಲೇ ಇದ್ದಳು, ಅಂದಿನ ಆ ಕಂದು ಇನ್ನೂ ಉಗುರಿನ ಸಂದಿಯಿಂದ ಹೋಗಿರಲಿಲ್ಲ.

ನಮ್ಮ ಮನೆಯಲ್ಲೂ ಹಾಗೇ, ಬಚ್ಚಲ ಮೋರಿ ಒಳಗೆಲ್ಲೋ ಕಟ್ಟಿಕೊಂಡಿದೆ, ನೀರು ಹೋಗುತ್ತದೆ, ನಿಧಾನಕ್ಕೆ ಹೋಗುತ್ತದೆ, ಗುಳುಗುಳು ಎಂದು ವಾಸನೆಯನ್ನು ಮೇಲಕ್ಕೆ ಉಗುಳಿ ಹೋಗುತ್ತದೆ, ಅಮ್ಮ ಮಲ್ಲಿಗೆಯ ಸೆಂಟು ತಂದು ಸಿಂಪಡಿಸುತ್ತಾಳೆ, ಈಗ ಮೋರಿ ಮಲ್ಲಿಗೆ ಮುಡಿದುಕೊಂಡು ನಾರುತ್ತದೆ, ಅದು ಬರೀ ನಾತಕ್ಕಿಂತ ಅಸಹ್ಯ. ಬಿಚ್ಚಿಸಮ್ಮಾ ಅಂದರೆ ಬಿಚ್ಚಿದ್ರೆ ಒಳಗೇನಿರುತ್ತೋ ಏನೋ ಬಿಡು, ನಡೀತಾ ಇದೆಯಲ್ಲ. ನಡೀತಾ ಇದೆಯಲ್ಲ — ಎಲ್ಲರ ಬಾಯಲ್ಲೂ ಅದೇ ಚೀಪುತ್ತಿರುವ ಮಾತು. ಕಳೆದ ಭಾನುವಾರ ಅಕ್ಕ ಭಾವ ಊಟಕ್ಕೆ ಬಂದಿದ್ದರು, ಭಾವನದು ಸರಕು ಸಾಗಿಸುವ ಚಿಕ್ಕ ಗಾಡಿ, ಹಾಲಿನ ಕ್ರೇಟು ತುಂಬಿಕೊಂಡು ಬೆಟ್ಟದ ಮೇಲಿನ ಬಡಾವಣೆಗಳಿಗೆ ಹಾಕುತ್ತಾರೆ, ಹಳೆಯದಕ್ಕೆ ವಯಸ್ಸಾಯಿತೆಂದು ಹೊಸದಕ್ಕೆ ಹೆಸರು ಬರೆಸಿದ್ದಾರೆ, ಇದೇ ಗಾಡಿಗೆ, ಈ ನೆಗಡಿಯ ಹಿರಿಯರ ಕಂಪೆನಿಯ ಗಾಡಿಗೆ, ಮುಂದೆ ಬರುವ ಮೊದಲನೇ ಸುತ್ತಿನದ್ದೇ ಬೇಕು ಅಂತ ಹಟ ಹಿಡಿದು. ಸ್ಟ್ಯಾಂಡಲ್ಲಿ ಎಲ್ಲರಿಗೂ ಹೇಳಿದ್ದೀನಿ, ಇದರ ಮೂಗು ನಮ್ಮ ನಾದಿನಿ ಕೆತ್ತಿದ್ದು, ಮೂವರು ಆಗಲೇ ನನ್ನ ಹಿಂದೆ ಹೆಸರು ಬರೆಸಿದ್ರು ಗೊತ್ತಾ, ಹೊಸ ಗಾಡಿ ಬರಲಿ, ಆ ಏರಿನಲ್ಲಿ ಪೂರ್ತಿ ತುಳೀತೀನಿ, ಹಾಲು ಕಡೆದು ಬೆಣ್ಣೆ ಆಗ್ಬೇಕು. ಎಲ್ಲರೂ ನಕ್ಕರು. ನನ್ನ ಬಾಯಲ್ಲಿದ್ದ ತುತ್ತು ಒಣಗಿತು, ಪೂರ್ತಿ ತುಳಿಯುವುದು, ಪೂರ್ತಿ ಭಾರ, ಪೂರ್ತಿ ಏರು, ನಾಲ್ಕನೆಯದು ಸಾಯುವುದು ಅಲ್ಲೇ, ಆ ಏರಿನ ತಿರುವಿನಲ್ಲಿ ಎಂಜಿನ್ ಕಚ್ಚಿಕೊಂಡು ಗಾಡಿ ನಿಂತರೆ, ನಿಂತು ಹಿಂದಕ್ಕೆ ಜಾರಿದರೆ, ಹಿಂದೆ ಲಾರಿ ಇದ್ದರೆ — ಏನಮ್ಮಾ ಮೌನಗೌರಿ, ಗಾಡಿ ತಗೋಬಹುದು ತಾನೇ, ನಿನ್ನ ಬಾಯಿಂದ ಒಂದು ಮಾತು ಬರಲಿ, ಮುತ್ತೇನೂ ಉದುರಲ್ಲ, ಎಂದರು ಭಾವ. ನಾನು ತಲೆಯಾಡಿಸಿದೆ. ತುತ್ತು ನುಂಗುತ್ತಾ ತಲೆಯಾಡಿಸಿದೆ, ಆಡಿದ್ದು ನಾನೋ ಗದ್ದವೋ. ಅಕ್ಕ, ಮುಗೀತಲ್ಲ ಮತ್ತೆ, ಅವಳು ಸುಳ್ಳು ಹೇಳೋಳಲ್ಲ, ಎಂದು ಭಾವನ ತಟ್ಟೆಗೆ ಇನ್ನಷ್ಟು ಹಾಕಿದಳು. ಮಾತೇ ಆಡದವಳು ಸುಳ್ಳು ಹೇಗೆ ಹೇಳಿಯಾಳು, ಎಂಥ ಒಳ್ಳೆ ಹೆಸರು ಸಂಪಾದಿಸಿದ್ದೇನೆ, ಬಾಯಿ ಮುಚ್ಚಿಕೊಂಡೇ. ಊಟವಾದ ಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಬಾಯಿ ಮುಕ್ಕಳಿಸಿದೆ, ಮುಕ್ಕಳಿಸಿದೆ, ಮಲ್ಲಿಗೆಯ ಸೆಂಟು, ಗುಳುಗುಳು, ಉಗುಳಿದ್ದು ಹೋಗದೆ ಅಲ್ಲೇ ಸುತ್ತಿತು.

ಒಂದು ಮಾತು — ಹಿರಿಯರ ದನಿ, ನೆಗಡಿಯಲ್ಲಿ ಮುಳುಗಿದ ದನಿ, ನಾನು ಬೆಚ್ಚಿದೆ, ಅವರು ಕನ್ನಡಕ ಹಣೆಗೆ ಏರಿಸಿಕೊಂಡು ಪರದೆಯತ್ತ ಬಗ್ಗಿದ್ದಾರೆ — ಈ ಎಣ್ಣೆ ಆವಿ ಪೈಪು ಬಂದು ಸೇರೋದು ಇಲ್ಲಿ ತಾನೇ, ಅದು ಯಾವ ಕಡೆಗೆ ಹೋಗುತ್ತೆ ಅಂತ ನೋಡಿದ್ದೀರಾ. ಕೇಳಿದರು, ಅವರೇ ಕೇಳಿದರು, ಕೇಳದೇ ಇದ್ದಿದ್ದನ್ನ ಬಡಿಸಬಾರದು ಅಂದಿರಲ್ಲ ಸಾರ್, ಈಗ ಕೇಳಿದರಲ್ಲ, ಬಡಿಸಿ. ಇಸ್ತ್ರಿ ಸಾರ್ ಮುಖದಲ್ಲಿ ಒಂದು ಸುಕ್ಕಿಲ್ಲ, ಅದೂ ಸಮ ಹಂಚಿಹೋಗುತ್ತೆ ಸಾರ್, ಗಾಳಿ ಹೋದ ಕಡೆ ಅದೂ ಹೋಗ್ಲೇಬೇಕಲ್ಲ, ಎಂದರು, ಕೈ ಜೇಬಿಗೆ ಹೋಯಿತು, ಹೊರಗೆ ಬಂತು, ಮೇಜಿನ ಮೇಲೆ ಬಿಳಿ ಪೆಪ್ಪರ್‌ಮೆಂಟು ಜಾರಿಕೊಂಡು ಹೋಯಿತು, ನನ್ನ ಕಡೆಗಲ್ಲ, ಹಿರಿಯರ ಕಡೆಗೆ, ತಗೊಳ್ಳಿ ಸಾರ್, ಗಂಟಲಿಗೆ ಒಳ್ಳೇದು. ಅದೇ ದನಿ, ಅದೇ ಮೆತ್ತಗೆ. ಹಿರಿಯರು ಅದನ್ನು ನೋಡಿದರು, ಪಾಪ ನೆಗಡಿಯ ಮನುಷ್ಯ, ಬಾಯಿಗೆ ಹಾಕಿಕೊಂಡರು, ಬಾಯಿ ಮುಚ್ಚಿತು, ಚೀಪತೊಡಗಿದರು, ಇನ್ನೊಂದು ಪ್ರಶ್ನೆ ಇತ್ತು ಕಣ್ಣಲ್ಲಿ, ಅದು ಕೆನ್ನೆಯೊಳಗೆ ಉಂಡೆಯಾಗಿ ಅತ್ತಿತ್ತ ಹೊರಳಿತು. ನನ್ನ ಕೆನ್ನೆಯೊಳಗೂ ಅದೇ ಉಂಡೆ. ಕೀಬೋರ್ಡಿನ ಮೇಲಿಟ್ಟದ್ದು ನಿನ್ನೆ ಬಣ್ಣ ಎಳೆದ ಮೇಲೆ, ಅದಕ್ಕೂ ಮುಂಚೆ ಇಟ್ಟದ್ದು ಪೆಟ್ರೋಲ್ ಕೆಟ್ಟಿತ್ತು ಅಂದ ದಿನ, ಅದಕ್ಕೂ ಮುಂಚೆ, ಅದಕ್ಕೂ ಮುಂಚೆ, ಏನಾದರೂ ಕೇಳಲು ನನ್ನ ತುಟಿ ಬಿರಿದಾಗಲೆಲ್ಲ — ಕನ್ನಡಿಯೆದುರು ಹಲ್ಲುಜ್ಜಿ ಉಜ್ಜಿ ಒಸಡಿನಲ್ಲಿ ರಕ್ತ ಬರಿಸಿಕೊಂಡೆನಲ್ಲ, ದುಪಟ್ಟಾ ಅಡ್ಡ ಹಿಡಿದು ಮಾತಾಡಿದೆನಲ್ಲ, ಲಿಫ್ಟಿನಲ್ಲಿ ಗೋಡೆಗೆ ಮುಖ ಮಾಡಿ ನಿಂತೆನಲ್ಲ, ನನ್ನ ಬಾಯಿ ನಾರುತ್ತಿರಲೂಬಹುದು, ಹಲ್ಲು ಹುಳುಕೇ, ಆದರೆ ಅವರು ಕೊಟ್ಟದ್ದು ವಾಸನೆಗಲ್ಲ.

ಚೆನ್ನಾಗಿದೆ ಬಿಡಿ, ಹಸಿರೇ ಹಸಿರು, ಎಂದು ಹಿರಿಯರು ಪೆಪ್ಪರ್‌ಮೆಂಟಿನ ಮೇಲಿಂದ ಹೇಳುತ್ತಿದ್ದಾರೆ, ಯಾರು ಮಾಡಿದ್ದು ಇದನ್ನ. ನಮ್ಮ ಮೇಡಂ ಸಾರ್, ಬಹಳ ಚುರುಕು, ಮಾತು ಮಾತ್ರ ರೇಶನ್, ಎಂದರು ಇಸ್ತ್ರಿ ಸಾರ್, ಅಚ್ಚಿನವನು ಕಾಲು ಕುಣಿಸುತ್ತಾ ನಕ್ಕ, ಎಲ್ಲರೂ ನನ್ನತ್ತ ತಿರುಗಿದರು, ಪ್ರೀತಿಯಿಂದಲೇ ತಿರುಗಿದರು, ಹಿರಿಯರು ಪೆನ್ನಿನ ಮುಚ್ಚಳ ತೆಗೆದು, ಏನಮ್ಮಾ, ನೀನು ಹೇಳಿಬಿಡು, ಹಾಕ್ಲಾ ಸಹಿ, ಎಂದರು ಮಗಳನ್ನು ಕೇಳುವ ಹಾಗೆ. ಗದ್ದ ಆಗಲೇ ಕೆಳಗೆ ಹೊರಟಿದೆ. ತಲೆಯಾಡಿಸುವುದು ಅದಕ್ಕೆ ಅಭ್ಯಾಸ, ಒಂದು ಸಲ ಕೆಳಗೆ ಒಂದು ಸಲ ಮೇಲೆ, ಅಷ್ಟೇ, ಮನೆಗೆ ಹೋಗಬಹುದು, ಡೈರಿಯಲ್ಲಿ ಚೆನ್ನಾಗಿ ಬರೆಯಬಹುದು, ಬರೆದರೆ ಅಳುವೂ ಬರುತ್ತದೆ, ಅತ್ತರೆ ನಿದ್ದೆ ಬರುತ್ತದೆ — ಪೆಪ್ಪರ್‌ಮೆಂಟಿನ ಚೂರು ಜಾರಿತು, ಬಲಗಡೆಗೆ, ತೂತಿನೊಳಕ್ಕೆ, ಹಿಮದ ಸೂಜಿ ದವಡೆಯಿಂದ ಕಿವಿಗೆ, ಕಿವಿಯಿಂದ ನೆತ್ತಿಗೆ, ಗದ್ದ ಅರ್ಧಕ್ಕೆ ನಿಂತಿತು. ಬೆರಳು ಹಾಕಿ ತೆಗೆದೆ. ಎಲ್ಲರೆದುರಿಗೆ, ಬಾಯಿಗೆ ಬೆರಳು ಹಾಕಿ, ಎಂಜಲು ನೂಲಿನ ಸಮೇತ, ಆ ಬಿಳಿ ಚೂರನ್ನು ತೆಗೆದು ಗಾಜಿನ ಮೇಲೆ ಇಟ್ಟೆ, ಟಿಣ್ ಎಂದಿತು, ಅಚ್ಚಿನವನ ಕಾಲು ನಿಂತಿತು, ಇಸ್ತ್ರಿ ಸಾರ್ ಮೂಗಿನ ಪಕ್ಕದಲ್ಲಿ ಒಂದು ಸುಕ್ಕು ಬಿತ್ತು, ಮೊದಲ ಸುಕ್ಕು, ಹೇಸಿಗೆಯದು, ನನ್ನ ಮೇಲಿನ ಹೇಸಿಗೆಯದು, ಅವರಿಗೂ ಹೇಸಿಗೆಯಾಗುತ್ತದೆ ಹಾಗಾದರೆ, ನೂಲು ನನ್ನ ತುಟಿಯಿಂದ ತೂಗುತ್ತಿದೆ, ಒರೆಸಿಕೊಳ್ಳಲಿಲ್ಲ. ಪರದೆ ಹಸಿರು. ಹಸಿರಿನ ಹಿಂದೆ ಸೀಳಿದ ಹೊಟ್ಟೆ, ಒಣಗಿದ ಮೂರು ಬಾಯಿ, ನಾಲ್ಕನೆಯದು, ಏರು, ಹಾಲಿನ ಕ್ರೇಟು, ಭಾವನ ಕಾಲು ಪೂರ್ತಿ ಕೆಳಗೆ, ನಾಲ್ಕನೆಯದು, ನಾಲ್ಕನೆಯದರ ಕೆಳತುಟಿ, ಹನಿ, ದಪ್ಪನೆಯ ಕಂದು ಹನಿ, ತೂಗುತ್ತಿದೆ, ಒರೆಸಿದರೆ ಮತ್ತೆ ಕಟ್ಟುತ್ತದೆ, ಬೀಳುವುದಿಲ್ಲ, ಹನಿ, ತೂಗುತ್ತಿದೆ, ಹನಿ — ಬಾಯಿ ತೆರೆದೆ, ನಾರಿದರೆ ನಾರಲಿ.

ನಾಲ್ಕನೇದು ಸುಡುತ್ತೆ, ಅಂದೆ.